ಅತ್ತೆ, ಮಗಳು, ನಾನು ಮತ್ತು ಒಂದು ಕುರಿ

ಮೊನ್ನೆ ಸಂಜೆ ಆಫೀಸಿಂದ ಮನೆಗೆ ಬಂದಾಗ ಅತ್ತೆ ಹಾಲ್‌ನಲ್ಲಿ ನೆಲದ ಮೇಲೆ ಕೂತು ಹಲಸಿನ ಬೀಜದ ಸಿಪ್ಪೆ ತೆಗೆಯುತ್ತಿದ್ದರು. ಪಕ್ಕದಲ್ಲಿ ಮಗಳು. ಟಿವಿಯಲ್ಲಿ ‘ಶಾನ್ ದ ಶೀಪ್’. ಕುರಿಗಳೆಲ್ಲ ಸೇರಿ ಏನೋ ಕಿತಾಪತಿ ಮಾಡಿಟ್ಟಿದ್ದವು. ಯಜಮಾನ ಬರುವುದರೊಳಗೆ ಅದನ್ನು ಮುಚ್ಚಿಹಾಕಬೇಕು ಅಂತ ಕಾವಲು ನಾಯಿ ಬಿಟ್ಜರ್ ಅತ್ತಿಂದಿತ್ತ ಓಡುತ್ತಿತ್ತು.

ಅತ್ತೆ ಕೈಯಲ್ಲಿದ್ದ ಬೀಜ ಹಾಗೇ ಹಿಡಿದುಕೊಂಡು, “ಪಾಪ ಮಾರಾಯ್ತಿ, ಈ ನಾಯಿಗೆ ಸಂಬಳವೂ ಇಲ್ಲ, ರಜೆಯೂ ಇಲ್ಲ. ತಪ್ಪು ಯಾರದ್ದೋ, ಬೈಸಿಕೊಳ್ಳೋದು ಇದು” ಅಂದರು.

“ಅಜ್ಜೀ, ಅದಕ್ಕೆ ಟೋಪಿ ಹಾಕಿದ್ದಾರಲ್ಲ!” ಅಂದಳು ಮಗಳು. ಬಿಟ್ಜರ್ ತಲೆಯ ಮೇಲೆ ಯಾವಾಗಲೂ ಒಂದು ಉಣ್ಣೆ ಟೋಪಿ ಇರುತ್ತದೆ.

“ಅದೇ ಕೂಸೇ ನಾನೂ ಹೇಳಿದ್ದು. ಟೋಪಿ ಹಾಕಿದ್ದಾರೆ.”

ಅತ್ತೆ ನಕ್ಕರು, ನಾನೂ ನಕ್ಕೆ. ಮಗಳಿಗೆ ಅರ್ಥವಾಗಲಿಲ್ಲ. ಟೋಪಿ ಹಾಕೋದು ಅಂದರೆ ಮೋಸ ಮಾಡೋದು ಅಂತಲೂ ಆಗುತ್ತದೆ ಅಂತ ಅಜ್ಜಿ ಬಿಡಿಸಿ ಹೇಳಿದರು. ರಾತ್ರಿ ಊಟಕ್ಕೆ ಕೂತಾಗ ತಟ್ಟೆಯಲ್ಲಿ ಬೀನ್ಸ್ ಪಲ್ಯ ಕಂಡಿದ್ದೇ, “ಅಮ್ಮ ನಂಗೆ ಟೋಪಿ ಹಾಕಿದ್ಲು, ಆಲೂಗಡ್ಡೆ ಮಾಡ್ತೀನಿ ಅಂದಿದ್ಲು” ಅಂದಳು. ಐದು ವರ್ಷದ ಮಗು ಒಂದು ನುಡಿಗಟ್ಟನ್ನು ಕಲಿತು, ಎರಡೇ ಗಂಟೆಯಲ್ಲಿ ಸರಿಯಾದ ಜಾಗದಲ್ಲಿ ಬಳಸಿದ್ದಳು. ಇದೆಲ್ಲ ಆಗಿದ್ದು ಇಂಗ್ಲೆಂಡಿನ ಒಂದು ಮಾತೇ ಇಲ್ಲದ ಕಾರ್ಟೂನಿನಿಂದ.

ಒಂದು ವರ್ಷದ ಹಿಂದೆ ನಮ್ಮ ಮನೆ ಹೀಗಿರಲಿಲ್ಲ. ಊಟ ಮಾಡಿಸೋದಕ್ಕೆ ಫೋನು, ತಲೆ ಬಾಚೋದಕ್ಕೆ ಫೋನು. ಅದರಲ್ಲಿ ಬರುತ್ತಿದ್ದದ್ದು ದೊಡ್ಡ ಕಣ್ಣಿನ ಗೊಂಬೆಗಳ ಹಾಡು. ಒಂದು ಮುಗಿಯುವುದರೊಳಗೆ ಇನ್ನೊಂದು ತಾನಾಗೇ ಶುರುವಾಗುತ್ತಿತ್ತು. ಎರಡು ಸೆಕೆಂಡಿಗೊಮ್ಮೆ ಚಿತ್ರ ಬದಲು, ಹಿಂದೆ ಬಿಡದೆ ಬಡಿಯುವ ಸಂಗೀತ. ನನಗೆ ಐದು ನಿಮಿಷ ಕೇಳಿದರೆ ತಲೆ ಸಿಡಿಯುತ್ತಿತ್ತು. ಅವಳ ಕೈಗೆ ಫೋನು ಕೊಟ್ಟು ಅಡುಗೆಮನೆಗೆ ಹೋಗಿಬಿಡುತ್ತಿದ್ದೆ.

ಒಂದು ಸಂಜೆ ಚಟ್ನಿಗೆ ಕಾಯಿ ತುರಿಯುತ್ತಿದ್ದೆ. ಮಗಳು ಬಂದು ಸೆರಗು ಹಿಡಿದು, “ಅಮ್ಮ, ಆ ಬೇಬಿಗೆ ಯಾಕೆ ಅಮ್ಮ ಇಲ್ಲ?” ಅಂತ ಕೇಳಿದಳು. ಯಾವ ಬೇಬಿ, ಯಾವ ಕಥೆ, ನನಗೆ ಗೊತ್ತೇ ಇರಲಿಲ್ಲ. ಅವಳು ಅದನ್ನು ಎಷ್ಟು ದಿನದಿಂದ ನೋಡುತ್ತಿದ್ದಳೋ, ಎಷ್ಟು ದಿನ ಆ ಪ್ರಶ್ನೆಯನ್ನು ಒಳಗೇ ಇಟ್ಟುಕೊಂಡಿದ್ದಳೋ. ಆವತ್ತು ನನಗೆ ನಿಜವಾಗಿಯೂ ಸಂಕಟವಾಯಿತು. ನಾನು ಐದು ನಿಮಿಷ ತಡೆದುಕೊಳ್ಳಲಾಗದ ಜಾಗದಲ್ಲಿ ಮಗುವನ್ನು ಒಬ್ಬಳೇ ಕೂರಿಸಿ ಬರುತ್ತಿದ್ದೆ.

ಅದೇ ವಾರ ಒಂದು ನಿಯಮ ಮಾಡಿಕೊಂಡೆ. ನಾನು ಪೂರ್ತಿ ಒಂದು ಕಂತು ಪಕ್ಕದಲ್ಲಿ ಕೂತು, ಫೋನು ಮುಟ್ಟದೆ ನೋಡಲಾಗದ್ದನ್ನು ಅವಳಿಗೂ ಹಾಕುವುದಿಲ್ಲ. ನನಗೆ ಎದ್ದು ಹೋಗಬೇಕು ಅನ್ನಿಸಿದರೆ ಆ ಕಾರ್ಯಕ್ರಮಕ್ಕೆ ನಮ್ಮ ಮನೆಯಲ್ಲಿ ಜಾಗ ಇಲ್ಲ, ಅಷ್ಟೇ.

ಮಕ್ಕಳ ಡಾಕ್ಟರ್ ಹತ್ತಿರ ಜ್ವರಕ್ಕೆ ತೋರಿಸಲು ಹೋದಾಗ ಈ ಮಾತು ಬಂತು. ಎರಡರಿಂದ ನಾಲ್ಕು ವರ್ಷದ ಮಕ್ಕಳಿಗೆ ದಿನಕ್ಕೆ ಒಂದು ಗಂಟೆಗಿಂತ ಹೆಚ್ಚು ಸ್ಕ್ರೀನ್ ಬೇಡ, ಕಡಿಮೆ ಆದಷ್ಟೂ ಒಳ್ಳೆಯದು ಅಂತ ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲೇ ಹೇಳಿದೆ. ಅದನ್ನು ನಾನೂ ಓದಿದ್ದೆ. ಡಾಕ್ಟರ್ ಮಾತ್ರ ಎಷ್ಟು ಹೊತ್ತು ಅಂತ ಕೇಳುವ ಮೊದಲು, “ಪಕ್ಕದಲ್ಲಿ ಯಾರು ಕೂತಿರ್ತೀರ?” ಅಂತ ಕೇಳಿದರು. ಈಗ ನಮ್ಮಲ್ಲಿ ದಿನಕ್ಕೆ ಅರ್ಧ ಗಂಟೆ, ಭಾನುವಾರ ಸ್ವಲ್ಪ ಜಾಸ್ತಿ. ಫೋನಿನಲ್ಲಿ ಇಲ್ಲ, ಟಿವಿಯಲ್ಲಿ ಮಾತ್ರ. ಫೋನಿನ ಮುಂದೆ ಒಬ್ಬರು ಕೂರಬಹುದು, ಟಿವಿ ಮುಂದೆ ಮೂರು ಜನ ಕೂರಬಹುದು.

ದೊಡ್ಡವರು ಪಕ್ಕದಲ್ಲಿ ಕೂರಬೇಕು ಅನ್ನೋದು ಹೊಸ ಯೋಚನೆ ಏನಲ್ಲ. ಅಮೆರಿಕದಲ್ಲಿ 1969ರಲ್ಲಿ ‘ಸೆಸಮಿ ಸ್ಟ್ರೀಟ್’ ಶುರು ಮಾಡಿದವರು ಮಕ್ಕಳ ಪಾಠದ ನಡುವೆ ದೊಡ್ಡವರಿಗೆ ಮಾತ್ರ ತಿಳಿಯುವ ತಮಾಷೆಗಳನ್ನು ಬೇಕೆಂದೇ ಸೇರಿಸುತ್ತಿದ್ದರು. ಅಪ್ಪ ಅಮ್ಮ ಎದ್ದು ಹೋಗಬಾರದು, ಕೂತು ನೋಡಿದ್ದನ್ನು ಮಗುವಿನ ಜೊತೆ ಮಾತಾಡಬೇಕು ಅನ್ನೋದು ಅವರ ಆಸೆ.

ಆದರೆ ನಮ್ಮಂಥ ಮನೆಗಳಲ್ಲಿ ಇನ್ನೊಂದು ತೊಡಕು ಇದೆ. ಭಾಷೆ. ನಮ್ಮ ಅತ್ತೆಗೆ ಇಂಗ್ಲಿಷ್ ಬರುವುದಿಲ್ಲ, ಹಿಂದಿ ಅಷ್ಟಕ್ಕಷ್ಟೆ. ಮಗಳ ಜೊತೆ ಜಾಸ್ತಿ ಹೊತ್ತು ಇರುವವರು ಅವರೇ. ಇಂಗ್ಲಿಷ್ ಮಾತು ಒಂದೇ ಸಮನೆ ಸುರಿಯುವ ಕಾರ್ಟೂನ್ ಹಾಕಿದರೆ ಅವರು ಸುಮ್ನೆ ಕೂತಿರುತ್ತಾರೆ, ಸ್ವಲ್ಪ ಹೊತ್ತಿಗೆ ಎದ್ದು ದೇವರ ಮನೆಗೆ ಹೋಗುತ್ತಾರೆ. ಕನ್ನಡದಲ್ಲಿ ಆಯ್ಕೆ ತುಂಬ ಕಡಿಮೆ. 2009ರಲ್ಲಿ ಚಿಂಟು ಟಿವಿ ಬಂದಾಗ ನಾನು ಕಾಲೇಜು ಮುಗಿಸಿದ್ದೆ. ಕಾರ್ಟೂನ್‌ಗಳು ಕನ್ನಡ ಮಾತಾಡುತ್ತವೆ ಅಂತ ಅಕ್ಕನ ಮಕ್ಕಳು ಕುಣಿದಾಡಿದ್ದು ನೆನಪಿದೆ. ಡಬ್ಬಿಂಗ್ ಬೇಡ ಅನ್ನುವ ಕಟ್ಟುಪಾಡು ನಮ್ಮಲ್ಲಿ ದಶಕಗಳ ಕಾಲ ಇತ್ತು. ದೊಡ್ಡವರ ಸಿನಿಮಾದ ಲೆಕ್ಕದಲ್ಲಿ ಅದರ ಸರಿ ತಪ್ಪು ಏನೇ ಇರಲಿ, ಮಕ್ಕಳ ಮಟ್ಟಿಗೆ ಅದು ನಷ್ಟವೇ ಅಂತ ನನಗೆ ಬಲವಾಗಿ ಅನ್ನಿಸುತ್ತದೆ. ಜಗತ್ತಿನ ಒಳ್ಳೊಳ್ಳೆ ಮಕ್ಕಳ ಕಾರ್ಯಕ್ರಮಗಳು ನಮ್ಮ ಭಾಷೆಯಲ್ಲಿ ಬಂದಿದ್ದರೆ ಅಜ್ಜ ಅಜ್ಜಿಯರೂ ಜೊತೆಗೆ ಕೂರುತ್ತಿದ್ದರು ಅಲ್ವಾ?

ಹಾಗಂತ ಕನ್ನಡದಲ್ಲಿದೆ ಅನ್ನುವ ಒಂದೇ ಕಾರಣಕ್ಕೆ ಎಲ್ಲವನ್ನೂ ಹಾಕಲಾಗುವುದಿಲ್ಲ. ಒಂದು ಕಾರ್ಯಕ್ರಮ ಎರಡು ದಿನ ನೋಡಿ ಬಿಟ್ಟೆವು. ಅದರಲ್ಲಿ ದಪ್ಪ ಹುಡುಗ ಅಂದರೆ ಪೆದ್ದ, ಕಪ್ಪಗಿದ್ದವನು ಅಂದರೆ ಕಳ್ಳ. ಜಗಳ ಮುಗಿಯುವುದೇ ಗುದ್ದಿನಿಂದ. ಮೂರನೇ ದಿನ ಮಗಳು ಪಕ್ಕದ ಮನೆ ಹುಡುಗನನ್ನು “ಏ ಡುಮ್ಮ” ಅಂತ ಕರೆದಳು. ಆ ಹುಡುಗನ ಮುಖ ಸಪ್ಪಗಾಯಿತು. ಆವತ್ತೇ ನಿಲ್ಲಿಸಿದೆ.

ಭಾಷೆ ಬರದ ಟಿವಿಯನ್ನು ನಾವೂ ಚಿಕ್ಕವರಿದ್ದಾಗ ನೋಡಿಲ್ಲವೇ? 1993ರಲ್ಲಿ ಭಾನುವಾರ ಬೆಳಿಗ್ಗೆ ದೂರದರ್ಶನದಲ್ಲಿ ಮೋಗ್ಲಿ ಬರುತ್ತಿತ್ತು. ‘ದ ಜಂಗಲ್ ಬುಕ್’. ಅದು ಜಪಾನಿನವರು 1989ರಲ್ಲಿ ಮಾಡಿದ್ದು ಅಂತ ನನಗೆ ಗೊತ್ತಾಗಿದ್ದು ಮೊನ್ನೆ ಮೊನ್ನೆ. ನಾವು ನೋಡುತ್ತಿದ್ದದ್ದು ಹಿಂದಿಯಲ್ಲಿ. ತೀರ್ಥಹಳ್ಳಿ ಹತ್ತಿರದ ನಮ್ಮೂರಲ್ಲಿ ಹಿಂದಿ ಯಾರಿಗೆ ಬರುತ್ತಿತ್ತು? ಟಿವಿ ಇದ್ದದ್ದು ಎರಡು ಮನೆಯಲ್ಲಿ. ಹತ್ತು ಹನ್ನೆರಡು ಮಕ್ಕಳು ಜಗಲಿ ತನಕ ತುಂಬಿರುತ್ತಿದ್ದೆವು. ಆ ಮನೆಯ ಅಜ್ಜ ಕುರ್ಚಿಯಲ್ಲಿ ಕೂತು, ಎಲೆ ಅಡಿಕೆ ಹಾಕಿಕೊಂಡು, ಎಲ್ಲರಿಗೂ ಕಥೆ ಹೇಳುತ್ತಿದ್ದರು. “ಈಗ ನೋಡಿ, ಹುಲಿ ಕುಂಟುತ್ತಾ ಬಂತು. ಹೊಟ್ಟೆಯಲ್ಲಿ ಹೊಟ್ಟೆಕಿಚ್ಚು ಅದಕ್ಕೆ.” ಅವರಿಗೂ ಹಿಂದಿ ಬರುತ್ತಿರಲಿಲ್ಲ. ಅರ್ಧಕ್ಕರ್ಧ ಅವರೇ ಕಟ್ಟಿದ್ದು. ನನ್ನ ನೆನಪಿನಲ್ಲಿರುವ ಶೇರ್ ಖಾನ್ ಇವತ್ತಿಗೂ ಮಲೆನಾಡಿನ ಕನ್ನಡದಲ್ಲೇ ಮಾತಾಡುತ್ತಾನೆ.

ಇದನ್ನು ಯೋಚಿಸುತ್ತಾ ಹೋದಾಗ ನಾನು ಹುಡುಕುತ್ತಿರುವುದು ಏನು ಅಂತ ಸ್ಪಷ್ಟವಾಯಿತು. ನನಗೆ ಬೇಕಾದದ್ದು ನಡುನಡುವೆ ಜಾಗ ಬಿಡುವ ಕಾರ್ಯಕ್ರಮ. ಪಕ್ಕದಲ್ಲಿ ಕೂತವರ ಮಾತಿಗೆ ಜಾಗ. ಅಜ್ಜಿ ಏನೋ ಅನ್ನಲು, ಮಗು ಏನೋ ಕೇಳಲು ಒಂದಿಷ್ಟು ಮೌನ ಇರಬೇಕು. ಟಿವಿಯೇ ಬಾಯಿ ಮುಚ್ಚದೆ ಮಾತಾಡುತ್ತಿದ್ದರೆ ಮನೆಯವರು ಯಾವಾಗ ಮಾತಾಡೋದು?

ಆ ಲೆಕ್ಕದಲ್ಲಿ ಶಾನ್‌ಗೆ ಸಾಟಿ ಇಲ್ಲ. ಬ್ರಿಸ್ಟಲ್ ಊರಿನ ಆರ್ಡ್‌ಮನ್ ಸ್ಟುಡಿಯೋದವರು 2007ರಲ್ಲಿ ಶುರು ಮಾಡಿದ್ದು. ಒಂದು ಕಂತು ಏಳು ನಿಮಿಷ. ಕುರಿಗಳು ಬ್ಯಾ ಅನ್ನುತ್ತವೆ, ಯಜಮಾನ ಗೊಣಗುತ್ತಾನೆ. ಆ ಗೊಣಗಾಟ ಯಾವ ಭಾಷೆಯೂ ಅಲ್ಲ. ಹಾಗಾಗಿ ಅದು ಬ್ರಿಸ್ಟಲ್‌ನಲ್ಲಿ ಎಷ್ಟು ಅರ್ಥವಾಗುತ್ತದೋ ಶಿವಮೊಗ್ಗದಲ್ಲೂ ಅಷ್ಟೇ ಅರ್ಥವಾಗುತ್ತದೆ. ಮೊದಲನೇ ಕಂತಿನಲ್ಲಿ ಕುರಿಗಳಿಗೆ ಒಂದು ಎಲೆಕೋಸು ಸಿಗುತ್ತದೆ. ತಿನ್ನುವ ಬದಲು ಅದನ್ನೇ ಚೆಂಡು ಮಾಡಿಕೊಂಡು ಫುಟ್‌ಬಾಲ್ ಆಡುತ್ತವೆ. ಅತ್ತೆಗೆ ಎಲ್ಲರಿಗಿಂತ ಇಷ್ಟ ಶರ್ಲಿ ಅನ್ನುವ ದಪ್ಪ ಕುರಿ. ಸಿಕ್ಕಿದ್ದನ್ನೆಲ್ಲ ತಿನ್ನುತ್ತದೆ. ಅದರ ಉಣ್ಣೆಯೊಳಗೆ ಏನು ಬೇಕಾದರೂ ಅಡಗಿಸಿಡಬಹುದು. ಆದರೆ ಉಳಿದ ಕುರಿಗಳು ಅದನ್ನು ಬಿಟ್ಟು ಎಲ್ಲಿಗೂ ಹೋಗುವುದಿಲ್ಲ. ತಳ್ಳುತ್ತವೆ, ಎಳೆಯುತ್ತವೆ, ಜೊತೆಗೇ ಕರೆದುಕೊಂಡು ಹೋಗುತ್ತವೆ. ಮಗಳಿಗೆ ಅದು ಬಾಯಿಬಿಟ್ಟು ಹೇಳದೆಯೇ ತಲುಪಿದೆ.

ಎರಡನೆಯದು ‘ಬ್ಲೂಯಿ’. ಆಸ್ಟ್ರೇಲಿಯಾದ್ದು, 2018ರಲ್ಲಿ ಬಂದದ್ದು. ಬ್ರಿಸ್ಬೇನ್‌ನಲ್ಲಿ ಇರುವ ಒಂದು ನಾಯಿಗಳ ಸಂಸಾರ. ಅಪ್ಪ, ಅಮ್ಮ, ಬ್ಲೂಯಿ, ತಂಗಿ ಬಿಂಗೊ. ನೀಲಿ ಬಣ್ಣ ನೋಡಿ ನಾನು ಬ್ಲೂಯಿಯನ್ನು ಹುಡುಗ ಅಂದುಕೊಂಡಿದ್ದೆ. ಮಗಳೇ ತಿದ್ದಿದಳು, “ಅವಳು ಹುಡುಗಿ ಅಮ್ಮ, ನನ್ನ ಹಾಗೆ.” ಇದರಲ್ಲಿ ಮಾತಿದೆ, ಅದೂ ಆಸ್ಟ್ರೇಲಿಯಾದ ಇಂಗ್ಲಿಷ್. ಆದರೂ ಇಟ್ಟುಕೊಂಡಿದ್ದೇವೆ. ಯಾಕೆಂದರೆ ಇದರ ಅಪ್ಪ ಅಮ್ಮನಿಗೆ ನಮ್ಮ ಹಾಗೇ ಸುಸ್ತಾಗುತ್ತದೆ. ಕೆಲಸದಿಂದ ಬಂದು ನೆಲದ ಮೇಲೆ ಮಲಗಿಬಿಡುತ್ತಾರೆ. ಮಕ್ಕಳು ಅವರ ಮೇಲೆ ಹತ್ತಿ ಆಟ ಶುರು ಮಾಡುತ್ತಾರೆ. ಬಲೂನು ನೆಲಕ್ಕೆ ಬೀಳದ ಹಾಗೆ ನೋಡಿಕೊಳ್ಳುವ ಆಟವೇ ಒಂದು ಇಡೀ ಕಂತು! ಅದನ್ನು ನೋಡಿದ ಮೇಲೆ ನಮ್ಮ ಮನೆಯಲ್ಲಿ ಇವರು ಮಗಳ ಜೊತೆ ಅದೇ ಆಟ ಆಡಿ, ಬಲೂನು ಫ್ಯಾನಿಗೆ ತಾಗಿ ಒಡೆದು, ಅತ್ತೆ ಒಳಗಿಂದ “ಎಂತಾಯ್ತು?” ಅಂತ ಓಡಿಬಂದಿದ್ದರು.

‘ಕ್ಯಾಂಪಿಂಗ್’ ಅನ್ನುವ ಕಂತನ್ನು ಮಾತ್ರ ಸ್ವಲ್ಪ ಬಿಡಿಸಿ ಹೇಳಬೇಕು. ಬ್ಲೂಯಿ ಸಂಸಾರ ಕಾಡಿನ ಹತ್ತಿರ ಡೇರೆ ಹಾಕಿಕೊಂಡು ಉಳಿದಿರುತ್ತದೆ. ಅಲ್ಲಿ ಒಬ್ಬ ಹುಡುಗ ಸಿಗುತ್ತಾನೆ, ಜಾನ್ ಲೂಕ್. ಅವನು ಮಾತಾಡುವುದು ಫ್ರೆಂಚ್. ಇವಳಿಗೆ ಅವನ ಮಾತು ತಿಳಿಯದು, ಅವನಿಗೆ ಇವಳದ್ದು ತಿಳಿಯದು. ಆದರೂ ಆಟ ನಡೆಯುತ್ತದೆ. ಇಬ್ಬರೂ ಸೇರಿ ಒಂದು ಬೀಜ ನೆಡುತ್ತಾರೆ. ಒಂದು ಬೆಳಿಗ್ಗೆ ಬ್ಲೂಯಿ ಎದ್ದು ಹೋಗಿ ನೋಡಿದರೆ ಅವರ ಡೇರೆಯೇ ಇಲ್ಲ, ಹೊರಟುಹೋಗಿದ್ದಾರೆ. ಕೆಲವರು ನಮ್ಮ ಬಾಳಿಗೆ ಬಂದು ಸ್ವಲ್ಪ ದಿನ ಇದ್ದು ಹೋಗುತ್ತಾರೆ ಅಂತ ಅಮ್ಮ ಸಮಾಧಾನ ಮಾಡುತ್ತಾಳೆ. ಕೊನೆಯಲ್ಲಿ ಎಷ್ಟೋ ವರ್ಷ ಕಳೆದಿರುತ್ತದೆ. ಆ ಬೀಜ ಮರವಾಗಿದೆ. ದೊಡ್ಡವಳಾದ ಬ್ಲೂಯಿ ಅದರ ಕೆಳಗೆ ಕೂತಿದ್ದಾಳೆ. ಅವನು ಬರುತ್ತಾನೆ.

ನಮ್ಮ ಮಹಡಿ ಮನೆಯಲ್ಲಿ ಒಡಿಶಾದ ಒಂದು ಸಂಸಾರ ಬಾಡಿಗೆಗೆ ಇತ್ತು. ಅವರ ಮಗಳಿಗೆ ಕನ್ನಡ ಬರುತ್ತಿರಲಿಲ್ಲ, ಇವಳಿಗೆ ಒಡಿಯಾ ಬರುತ್ತಿರಲಿಲ್ಲ. ಮೆಟ್ಟಿಲ ಮೇಲೆ ದಿನಾ ಸಂಜೆ ಅಂಗಡಿ ಆಟ. ಮಾರ್ಚ್‌ನಲ್ಲಿ ಅವರಿಗೆ ವರ್ಗ ಆಯಿತು. ಇವಳು ನಾಲ್ಕು ದಿನ ಮೆಟ್ಟಿಲ ಮೇಲೆ ಹೋಗಿ ಸುಮ್ನೆ ಕೂತು ಬರುತ್ತಿದ್ದಳು. ಆ ಕಂತನ್ನು ನೋಡಿದ್ದು ಅದಾದ ಮೇಲೆ. ನಾನು ಕನ್ನಡದಲ್ಲಿ ಹೇಳುತ್ತಾ ಹೋದೆ. ಕೊನೆಗೆ ಬರುವಷ್ಟರಲ್ಲಿ ನನ್ನ ಗಂಟಲು ಕಟ್ಟಿತು. ಅತ್ತೆ ಸೆರಗಿನಲ್ಲಿ ಕಣ್ಣು ಒರೆಸಿಕೊಂಡರು. ಮಗಳು ಅಳಲಿಲ್ಲ. “ನಾವು ಬೀಜ ನೆಟ್ಟಿಲ್ಲ ಅಲ್ವಾ ಅಮ್ಮ?” ಅಂದಳು. ಮರುದಿನ ಅಜ್ಜಿ ಮೊಮ್ಮಗಳು ಸೇರಿ ಕಾಂಪೌಂಡ್ ಪಕ್ಕ ಒಂದು ಹಲಸಿನ ಬೀಜ ಹಾಕಿದರು. ಈಗ ಅದು ಮೊಣಕಾಲೆತ್ತರ ಬಂದಿದೆ.

ಇನ್ನು ‘ಮಾಲ್ಗುಡಿ ಡೇಸ್’. ಐದು ವರ್ಷದವಳಿಗೆ ಇದು ಬೇಗ ಆಯಿತು ಅನ್ನುವವರಿದ್ದಾರೆ. ಎಲ್ಲ ಕಥೆಗಳನ್ನೂ ನಾನು ತೋರಿಸುವುದಿಲ್ಲ, ಸ್ವಾಮಿಯ ಕಂತುಗಳನ್ನು ಮಾತ್ರ ತೋರಿಸುತ್ತೇನೆ. ಮೇಷ್ಟ್ರು ಹೊಡೆಯುವ ಜಾಗ ಬಂದರೆ ನಿಲ್ಲಿಸಿ, ಆ ಕಾಲದಲ್ಲಿ ಹೀಗಿತ್ತು, ಅದು ತಪ್ಪು ಅಂತ ಹೇಳಿ ಮುಂದೆ ಹೋಗುತ್ತೇನೆ. ಶಂಕರ್‌ನಾಗ್ ಅವರು ಇದನ್ನು ನಮ್ಮ ಆಗುಂಬೆಯಲ್ಲಿ ಚಿತ್ರೀಕರಿಸಿದರು, ದೂರದರ್ಶನದಲ್ಲಿ 1986ರಲ್ಲಿ ಬಂತು. ಆ ‘ತಾನಾನ ತಾನನಾನ’ ಶುರುವಾದರೆ ಸಾಕು, ಅತ್ತೆ ಒಲೆ ಸಣ್ಣ ಮಾಡಿ ಬರುತ್ತಾರೆ. ಶೂಟಿಂಗ್ ನಡೆಯುವಾಗ ಅವರು ಎರಡು ವರ್ಷದ ಮಗುವನ್ನು, ಅಂದರೆ ನನ್ನ ಗಂಡನನ್ನು, ಸೊಂಟದ ಮೇಲೆ ಕೂರಿಸಿಕೊಂಡು ನೋಡಲು ಹೋಗಿದ್ದರಂತೆ. ಈಗ ಪರದೆಯ ಮೇಲೆ ಬೀದಿ ಬಂದ ಕೂಡಲೇ ಎದ್ದು ಹೋಗಿ ಬೆರಳಿಟ್ಟು, “ಇಲ್ಲಿಂದ ಹೀಗೆ ತಿರುಗಿದರೆ ದೊಡ್ಡಮನೆ” ಅಂತ ತೋರಿಸುತ್ತಾರೆ.

ಸ್ವಾಮಿಗೆ ಅಪ್ಪ ಲೆಕ್ಕ ಹೇಳಿಕೊಡುವ ಜಾಗ ಇದೆಯಲ್ಲ, ಅಪ್ಪನಾಗಿ ಗಿರೀಶ ಕಾರ್ನಾಡರು. ಇಷ್ಟು ಮಾವಿನಹಣ್ಣಿಗೆ ಇಷ್ಟು ದುಡ್ಡು, ನಾಲ್ಕಕ್ಕೆ ಎಷ್ಟು? ಸ್ವಾಮಿಯ ತಲೆಗೆ ದುಡ್ಡು ಹೋಗುವುದಿಲ್ಲ, ಹಣ್ಣು ಕಳಿತಿದೆಯೋ ಇಲ್ಲವೋ ಅಂತ ಯೋಚನೆ. ನಾನು ಇದನ್ನು ಕನ್ನಡದಲ್ಲಿ ಹೇಳಿದ ಕೂಡಲೇ ಮಗಳು, “ಹೌದು ಮತ್ತೆ, ಹಣ್ಣೋ ಕಾಯೋ ಹೇಳಬೇಕಲ್ಲ” ಅಂದಳು. ಅಜ್ಜಿ, “ಕಾಯಾದರೆ ಉಪ್ಪಿನಕಾಯಿಗೆ, ಹಣ್ಣಾದರೆ ಸೀಕರಣೆಗೆ. ರೇಟು ಬೇರೆ ಬೇರೆ” ಅಂತ ಸೇರಿಸಿದರು. ಟಿವಿ ನಿಲ್ಲಿಸಿದೆವು. ಹದಿನೈದು ನಿಮಿಷ ಮಾವಿನ ಮಾತು. ಅಪ್ಪೆಮಿಡಿ, ಕಾಡುಮಾವು, ಅತ್ತೆಯ ತವರಿನ ಮರ, ಅದನ್ನು ಕಡಿದ ವರ್ಷ. ಆವತ್ತು ಕಂತು ಮುಗಿಯಲೇ ಇಲ್ಲ.

ಕಳೆದ ದಸರಾ ರಜೆಯಲ್ಲಿ ಅರಸಾಳಿಗೆ ಹೋಗಿದ್ದೆವು. ಶಿವಮೊಗ್ಗದಿಂದ ತಾಳಗುಪ್ಪಕ್ಕೆ ಹೋಗುವ ರೈಲು ದಾರಿಯಲ್ಲಿ ಇರುವ ಸಣ್ಣ ಸ್ಟೇಷನ್. ಧಾರಾವಾಹಿಯ ಮಾಲ್ಗುಡಿ ಸ್ಟೇಷನ್ ಅದೇ. ಹಳೆಯ ಕಟ್ಟಡವನ್ನು ರಿಪೇರಿ ಮಾಡಿ 2020ರಲ್ಲಿ ಮಾಲ್ಗುಡಿ ಮ್ಯೂಸಿಯಂ ಮಾಡಿದ್ದಾರೆ. ಮಗಳು ಒಳಗೆಲ್ಲ ಓಡಾಡಿ ಬಂದು, “ಸ್ವಾಮಿ ಎಲ್ಲಿ, ಸ್ಕೂಲಿಗೆ ಹೋಗಿದ್ದಾನಾ?” ಅಂತ ಕೇಳಿದಳು. ಹೌದು ಅಂದೆ.

ರಾತ್ರಿ ಊಟವಾದ ಮೇಲೆ ಕೆಲವು ದಿನ ಚಂದನದಲ್ಲಿ ‘ಥಟ್ ಅಂತ ಹೇಳಿ’ ನೋಡುತ್ತೇವೆ. 2002ರಿಂದ ನಡೆಯುತ್ತಿರುವ ಕ್ವಿಜ್, ಬಹುಮಾನ ಕನ್ನಡ ಪುಸ್ತಕ. ಮಕ್ಕಳದ್ದು ಅಲ್ಲವೇ ಅಲ್ಲ. ಆದರೆ ಪ್ರಶ್ನೆ ಮತ್ತು ಉತ್ತರದ ನಡುವೆ ಯೋಚಿಸಲು ಹೊತ್ತು ಕೊಡುತ್ತಾರೆ. ಅತ್ತೆ ಪುರಾಣದ್ದೆಲ್ಲ ಥಟ್ ಅಂತ ಹೇಳಿಬಿಡುತ್ತಾರೆ. ಮಗಳು ಪ್ರತಿ ಪ್ರಶ್ನೆಗೂ “ಆನೆ” ಅನ್ನುತ್ತಾಳೆ. ಒಂದು ದಿನ ಉತ್ತರ ನಿಜವಾಗಿಯೂ ಆನೆ ಬಂತು. ಆ ಸಂಭ್ರಮ ಹೇಳತೀರದು.

ಈ ತಿಂಗಳ ಕಥೆ ಇನ್ನೊಂದಿದೆ. ಶಾನ್‌ನ ಕುರಿಗಳು ಹೇಗೆ ನಡೆಯುತ್ತವೆ ಅಂತ ಮಗಳು ಕೇಳಿದಳು. ಅವು ಗೊಂಬೆಗಳು, ಒಂದು ಚೂರು ಸರಿಸಿ ಒಂದು ಫೋಟೋ, ಇನ್ನೊಂದು ಚೂರು ಸರಿಸಿ ಇನ್ನೊಂದು ಫೋಟೋ, ಒಂದು ಸೆಕೆಂಡಿಗೆ 25 ಚಿತ್ರ ಓಡುತ್ತದೆ, ಇಡೀ ದಿನ ಕೆಲಸ ಮಾಡಿದರೂ ಕೆಲವೇ ಸೆಕೆಂಡು ಆಗುತ್ತದೆ ಅಂದೆ. ನಂಬಲಿಲ್ಲ. ಸರಿ, ಮಾಡೇ ನೋಡೋಣ ಅಂತ ಭಾನುವಾರ ಕೂತೆವು.

ಮೊದಲು ಅಕ್ಕಿಹಿಟ್ಟಿನಲ್ಲಿ ಕುರಿ ಮಾಡಿದೆವು, ಒಣಗಿ ಬಿರುಕು ಬಿಟ್ಟಿತು. ಆಮೇಲೆ ಚಪಾತಿ ಹಿಟ್ಟು. ಕಣ್ಣಿಗೆ ಕರಿ ಎಳ್ಳು, ಕಾಲಿಗೆ ಬೆಂಕಿಕಡ್ಡಿ. ಫೋನನ್ನು ಅವಲಕ್ಕಿ ಡಬ್ಬಕ್ಕೆ ಒರಗಿಸಿ ನಿಲ್ಲಿಸಿದೆ. ಕೆಳಗೆ ಹಸಿರು ಬ್ಲೌಸ್ ಪೀಸ್. ಮಗಳು ಕುರಿಯನ್ನು ಎಳ್ಳಿನಷ್ಟು ಸರಿಸೋದು, ಕೈ ಹಿಂದಕ್ಕೆ ತೆಗೆದು “ಹ್ಞೂಂ” ಅನ್ನೋದು, ನಾನು ಕ್ಲಿಕ್ ಮಾಡೋದು. ಮೂವತ್ತನೇ ಫೋಟೋ ಹೊತ್ತಿಗೆ ಕುರಿ ಮೆತ್ತಗಾಗಿ ಹೊಟ್ಟೆ ನೆಲಕ್ಕೆ ತಾಗಿತು. “ಶರ್ಲಿ ಆಯ್ತು!” ಅಂದಳು. ನಾಲ್ಕು ಫೋಟೋದಲ್ಲಿ ಅವಳ ಬೆರಳೂ ಬಂದಿದೆ. ಒಂದೂವರೆ ಗಂಟೆ ಕೂತು ಅರವತ್ತು ಫೋಟೋ ತೆಗೆದೆವು. ಸೆಕೆಂಡಿಗೆ ಹತ್ತರಂತೆ ಓಡಿಸಿದರೆ ಆರು ಸೆಕೆಂಡಿನ ಸಿನಿಮಾ.

ಸದ್ದಿಲ್ಲದೆ ನಡೆಯುವ ಕುರಿಯನ್ನು ಅತ್ತೆ ನಾಲ್ಕೈದು ಸಲ ನೋಡಿದರು. “ಇದಕ್ಕೆ ಯಾರೂ ಮಾತಾಡೋದಿಲ್ವಾ?” ಅಂದರು. “ನೀವೇ ಮಾತಾಡಿ ಅತ್ತೆ” ಅಂತ ಫೋನು ಹಿಡಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ತವರಿನಲ್ಲಿ ಸಂಜೆ ಹೊತ್ತು ಕೊಟ್ಟಿಗೆಗೆ ದನ ಕರೆಯುತ್ತಿದ್ದ ದನಿಯಲ್ಲಿ, “ಬಾ ಗಂಗೇ, ಬಾ ಬಾ... ಮಳೆ ಬಂತು, ಬೇಗ ಬಾ” ಅಂದರು. ಸರಿಯಾಗಿ ಆರು ಸೆಕೆಂಡು.

ಇವರು ಡ್ಯೂಟಿ ಮುಗಿಸಿ ಬಂದು ಚಪ್ಪಲಿ ಬಿಡುವ ಮೊದಲೇ ಮಗಳು ಬಾಗಿಲಲ್ಲಿ ಫೋನು ಹಿಡಿದು ನಿಂತಿದ್ದಳು. “ಅಪ್ಪ, ನೋಡು. ಕುರಿ ನಂದು, ಫೋಟೋ ಅಮ್ಮಂದು, ಮಾತು ಅಜ್ಜಿದು.”